ಬನಶ್ರೀಯ ತೂಕ

3 ಜುಲೈ, ಮಧ್ಯಾಹ್ನ
ಸೂಡಿ ಬಸ್ಸು ಇವತ್ತೂ ತಡ. ಓಡೋಡಿ ಅಂಗನವಾಡಿ ಬಾಗಿಲು ತೆಗೆದೆ. ಮಕ್ಕಳಿಗೆ ಮೊಟ್ಟೆ ಹಂಚಿದ್ದಾಯಿತು. ತೂಕದ ದಿನ. ಯಂತ್ರದ ಸೆಲ್ ಸತ್ತು ವರ್ಷವಾಯಿತು... ಎಂದಿನಂತೆ ಹೋದ ತಿಂಗಳದ್ದಕ್ಕೆ ಇನ್ನೂರು ಗ್ರಾಂ ಸೇರಿಸಿ ಅವ್ವಂದಿರು ತಂದ ತಾಯಿ ಕಾರ್ಡುಗಳಲ್ಲಿ ಎಲ್ಲ ಮಕ್ಕಳ ತೂಕ ತುಂಬಿದೆ. ನೇಕಾರ ಓಣಿಯ ಮಧುಮತಿಯ ಮಗಳು ಬನಶ್ರೀ, ಮೂರು ವರ್ಷ — ಹದಿಮೂರು ಕೆಜಿ. ಕಡಿಮೆ ಬರೆದರೆ ಸೂಪರ್‌ವೈಜರ್ ಮೇಡಂ ಎಲ್ಲರೆದುರು ಮರ್ಯಾದೆ ತೆಗೆಯುತ್ತಾರೆ. ಹೆಚ್ಚು ಬರೆದರೆ ಯಾರಪ್ಪನ ಗಂಟು ಹೋಗುತ್ತದೆ?

11 ಜುಲೈ
ಬನಶ್ರೀಗೆ ವಾಂತಿ-ಭೇದಿ. ದವಾಖಾನೆಗೆ ಒಯ್ದಾಗ ಉಸಿರು ನಿಂತು, ಎದೆಬಡಿತವೂ ನಿಂತೇ ಹೋಯಿತಂತೆ. ಎದೆ ಒತ್ತಿ, ಇಂಜೆಕ್ಷನ್ ಕೊಟ್ಟು ಉಳಿಸಿ ಗದಗಕ್ಕೆ ಕಳಿಸಿದ್ದಾರೆ. ದೇವರೇ, ಕಾಪಾಡು.

12 ಜುಲೈ, ಸಂಜೆ
ಬಸ್ ಸ್ಟ್ಯಾಂಡಿನಲ್ಲಿ ನರ್ಸ್ ಜಮಾಲಬಿ ಸಿಕ್ಕಳು. ನಿನ್ನೆ ಡ್ಯೂಟಿಯಲ್ಲಿದ್ದವಳು ಅವಳೇ. ಬಂದವಳೇ ನನ್ನ ಕೈ ಹಿಡಿದಳು.

“ನಿಮ್ಮ ಕಾರ್ಡ್ ಭಾಳ ಉಪಯೋಗ ಆತ್ರಿ ಅಕ್ಕೋರ. ಹಾರ್ಟ್ ನಿಂತಾಗ ಕೂಸಿಗೆ ಅಡ್ರಿನಾಲಿನ್ ಕೊಡೋದು ತೂಕದ ಮ್ಯಾಲ. ಡಾಕ್ಟರ್ ‘ತೂಕ ಎಷ್ಟ?’ ಅಂದ್ರು. ಅವರವ್ವ ಲಗೂನ ಕಾರ್ಡ್ ಮುಂದ ಹಿಡದ್ಲು. ಹದಿಮೂರು! ಆ ಲೆಕ್ಕಕ್ಕ ಸಿರಿಂಜಿಗೆ ಎಳದೆ. ಮೂರು ಸಲ ಕೊಟ್ವಿ.”

ಕೈ ಬಿಡಿಸಿಕೊಂಡೆ.

“ಎತ್ತಿದ್ರ ಹಗುರ ಅನಸ್ತರಿ ಕೂಸು. ಆದ್ರ ಕಾರ್ಡ್ ಸುಳ್ಳ ಹೇಳತೈತೇನು?”

ಔಷಧಿ ಹೆಚ್ಚಾದರೆ ಏನಾಗುತ್ತದೆ — ಸುಮ್ಮನೆ ಕೇಳಿದಂತೆ ಕೇಳಿದೆ.

“ಹಾರ್ಟ್ ತಡಕೊಳ್ಳಾಂಗಿಲ್ರಿ. ಇಕಿದೂ ಮರಳಿ ಬಂದಮ್ಯಾಲ ಸಿಕ್ಕಾಪಟ್ಟಿ ಓಡತಿತ್ತು. ಡಾಕ್ಟರ್ ಗಾಬರಿ ಆಗಿದ್ರು.”

ಬಸ್ಸು ಬಂತು. ಹತ್ತಿಬಿಟ್ಟೆ.

13 ಜುಲೈ
ಸೆಲ್ ತಂದೆ. ಎರಡೇ ಎರಡು ಸೆಲ್! ಹಾಕಿದ ಕೂಡಲೇ ಯಂತ್ರ ಸೊನ್ನೆ ತೋರಿಸಿತು. ನನ್ನ ಮುಖಕ್ಕಿಷ್ಟು ಬೆಂಕಿ ಹಾಕ.

26 ಜುಲೈ
ಬನಶ್ರೀ ಮನೆಗೆ ಬಂದಿದ್ದಾಳೆ. ಹೋದೆ. ಮಧುಮತಿ ಮಗ್ಗದಿಂದ ಎದ್ದು ಬಂದು ಗದಗಿನ ಕಾಗದ ತೋರಿಸಿದಳು. ಸೇರಿಸಿಕೊಂಡ ದಿನದ ತೂಕ ಒಂಬತ್ತೂವರೆ.

“ಎಂಟ ದಿನದಾಗ ಇಷ್ಟ ಇಳಿತೈತೇನ್ರಿ ಅಕ್ಕೋರ?”

“ಭೇದಿ ಆದ್ರ ಇಳಿತೈತವ್ವ,” ಅಂದೆ.

ಮತ್ತೊಂದು ಸುಳ್ಳು! ಅದೂ ಆ ಕೂಸಿನ ಎದುರಿಗೇ.

“ನಿಮ್ಮ ಕಾರ್ಡ್ ಇತ್ತಂತ ನನ್ನ ಮಗಳು ಉಳದ್ಲು,” ಎಂದು ಕಾಲು ಮುಟ್ಟಲು ಬಗ್ಗಿದಳು. ಚಪ್ಪಲಿ ಮೆಟ್ಟಿಕೊಳ್ಳದೆಯೇ ಹೊರಗೆ ಬಂದೆ. ರಾತ್ರಿ ಊಟ ಸೇರಲಿಲ್ಲ.

3 ಆಗಸ್ಟ್
ತೂಕದ ದಿನ. ಎಲ್ಲರನ್ನೂ ಯಂತ್ರದ ಮೇಲೆ ನಿಲ್ಲಿಸಿದೆ. ಎಷ್ಟು ಮಕ್ಕಳು ಹಗುರ! ಕಡೆಗೆ ಮಧುಮತಿ ಕರೆತಂದ ಬನಶ್ರೀ — ಒಂಬತ್ತು ಕೆಜಿ ಎಂಟುನೂರು. ಬರೆಯಲು ಕಾರ್ಡ್ ತೆರೆದೆ. ಮೇಲಿನ ಸಾಲಿನಲ್ಲಿ ಹದಿಮೂರು, ನನ್ನದೇ ದುಂಡು ಅಕ್ಷರ. ಪೆನ್ನು ಕೆಳಗಿಟ್ಟೆ.

“ಮಧುಮತಿ, ಇವೆಲ್ಲ ನಾ ಸುಳ್ಳ ಬರದದ್ದವ್ವ. ವರ್ಷ ಆತು, ಒಂದ ಸಲಾನೂ ತೂಗಿಲ್ಲ. ಇದನ್ನ ನಂಬಿ ದವಾಖಾನ್ಯಾಗ ಔಷಧ ಹೆಚ್ಚ ಕೊಟ್ರು.”

ಬೈಯಲಿ ಎಂದು ಕಾದೆ. ಹೊಡೆದರೂ ಸರಿ ಎಂದುಕೊಂಡೆ. ಅವಳು ಮಗಳನ್ನು ಎತ್ತಿಕೊಂಡು ಗೋಡೆಗೆ ಆನಿದಳು. ಮುಖ ಬಿಳಿಚಿತ್ತು.

“ಆದ್ರ... ಕಾರ್ಡ್ ತೋರ್ಸಿದಾಕಿ ನಾನ ಅಲ್ರಿ ಅಕ್ಕೋರ?”

ಅವಳದೇನು ತಪ್ಪು! ಅಷ್ಟಾದರೂ ಹೇಳಬೇಕಿತ್ತು. ಪೆನ್ನು ಎತ್ತಿಕೊಂಡು ಹದಿಮೂರನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಸಹಿ ಹಾಕಿದೆ.