ಹಿತ್ತಲಿನ ಬೇಟೆ ಗುಡಾರ

ವಿಸ್ಕಾನ್ಸಿನ್, ಡಿಸೆಂಬರ್

ಪ್ರೀತಿಯ ಮಾರ್ಲಿಸ್ ಅಕ್ಕ,

ಕ್ರಿಸ್‌ಮಸ್ಸಿಗೆ ಬರುವಾಗ ಮುಚ್ಚಳವಿರುವ ದೊಡ್ಡ ಲೋಟಗಳನ್ನು ತಾ. ಅಪ್ಪನಿಗೆಂದು ಹೇಳಬೇಡ; ಎಲ್ಲರಿಗೂ ಒಂದೊಂದು ತಂದಂತಿರಲಿ.

ಕೈನಡುಕ ಶುರುವಾದ ಮೇಲೆ ಅಪ್ಪ ಬೇಟೆಗೆಂದು ಮರದ ಮೇಲಿನ ಅಟ್ಟ ಹತ್ತುವಂತಿರಲಿಲ್ಲ. ಅದಕ್ಕೇ ನೆಲದ ಮೇಲೆ ಅಡಗಿ ಕೂರುವ, ಮಡಚಿ ಒಯ್ಯುವ ಗುಡಾರ ತಂದೆ. ಒಳಗೆಲ್ಲ ಕಪ್ಪು ಬಟ್ಟೆ. ಜಿಂಕೆ ಬರುವ ಕಡೆಯ ಕಿಟಕಿ ಮಾತ್ರ ತೆರೆದು ಉಳಿದವನ್ನು ಮುಚ್ಚಿದರೆ, ಕೂತವರ ಕೈ ಎಷ್ಟು ನಡುಗಿದರೂ ಹೊರಗೆ ಕಾಣುವುದಿಲ್ಲ. "ಕೆಲವು ವಾರ ಮೊದಲೇ ಹಾಕಿಡಿ, ಜಿಂಕೆಗೆ ರೂಢಿಯಾಗ್ಲಿ," ಅಂದಿದ್ದ ಅಂಗಡಿಯವನು. ಕೂತು ನೋಡಲಿ ಎಂದು ಮೊದಲು ಹಿತ್ತಲಲ್ಲೇ ಹಾಕಿಕೊಟ್ಟೆ.

ಬೇಟೆಯ ಕಾಲ ಮುಗಿಯಿತು. ಅಪ್ಪ ಕೋವಿ ಮುಟ್ಟಲೇ ಇಲ್ಲ. ಈಗ ಊಟದ ಹೊತ್ತಿಗೆ ಸೂಪಿನ ಬಟ್ಟಲು ಹಿಡಿದು, ದಾರಿಯುದ್ದಕ್ಕೂ ಚೆಲ್ಲುತ್ತಾ ಗುಡಾರಕ್ಕೆ ಹೋಗುತ್ತಾರೆ. ಕಾಡಿನ ಕಡೆಯ ಕಿಟಕಿ ತೆರೆದಿರುತ್ತದೆ, ಮನೆಯ ಕಡೆಯದು ಮುಚ್ಚಿರುತ್ತದೆ.

ನಿನ್ನೆ ಹಿಮ ಬಿತ್ತು. ಮಡಚಿಡೋಣವೆಂದು ಹೋದೆ.

"ಬಿಡೋ ಅದನ್ನ. ಒಳಗೆ ಬೆಚ್ಚಗಿದೆ," ಅಂದರು ಒಳಗೆ ಕೂತಿದ್ದ ಅಪ್ಪ. ಅವರ ಅಂಗಿಯ ತೋಳಿನ ಮೇಲೆ ಚೆಲ್ಲಿದ ಸೂಪು ಹೆಪ್ಪುಗಟ್ಟಿತ್ತು.

"ನಿಮ್ಮಮ್ಮ ಕಿಟಕೀಲಿ ನೋಡ್ತಿದ್ದಾಳಾ?"

ಇಲ್ಲ ಎಂದು ಹೇಳಿ ಬಂದುಬಿಟ್ಟೆ.

ನನಗೇನೂ ತೋಚುತ್ತಿಲ್ಲ ಅಕ್ಕ. ನೀನು ಬಂದಾಗಲೂ ಗುಡಾರದ ಸುದ್ದಿ ಎತ್ತಬೇಡ. ಜಿಂಕೆಗಳಿಗೆ ಅದು ರೂಢಿಯಾಗಿದೆ. ಪಕ್ಕದಲ್ಲೇ ನಿಂತು ಹಿಮದಡಿಯ ಸೇಬು ಹೆಕ್ಕುತ್ತವೆ. ಅಮ್ಮ ಮಾತ್ರ ಇನ್ನೂ ಮೇಜಿನ ಮೇಲೆ ಅಪ್ಪನ ತಟ್ಟೆ ಇಡುತ್ತಾಳೆ.

ನಿನ್ನ ತಮ್ಮ,
ಆರ್ಡೆನ್