ನಾಲ್ಕು ಚೌಕದ ಮುಖ

ಅಕ್ಕಾ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಬ್ರಷ್ ಹಿಡಿದೆ. ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಆ ದರಿದ್ರ ವಿಡಿಯೋ ಗೇಮ್, ಅದರ ಹೀರೋನನ್ನು ಬರೆದೆ. ನೆಗೆದಾಗಲೆಲ್ಲ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿದ್ದನಲ್ಲ, ಅವನೇ. ಮುಖವೆಂದರೆ ನಾಲ್ಕು ಹಳದಿ ಚೌಕ, ಬಾಯಿಯ ಜಾಗದಲ್ಲಿ ಒಂದು ಕಪ್ಪು ಚುಕ್ಕೆ.

"ನಗ್ತಿದಾನೆ ಕಣೋ" ಅಂತ ನೀನು. "ಇಲ್ಲ, ಅಳ್ತಿದಾನೆ" ಅಂತ ನಾನು. ಅಷ್ಟಕ್ಕೇ ಜುಟ್ಟು ಹಿಡಿದುಕೊಂಡು ಕಿತ್ತಾಡುತ್ತಿದ್ದೆವು, ಅಮ್ಮ ಬಂದು ಟಿವಿ ಆರಿಸುವವರೆಗೂ.

ಇವತ್ತು ನಿನ್ನ ಮಾತೇ ನಡೆಯಲಿ ಎಂದು ನನ್ನ ಕೈಲಾದಷ್ಟು ಅವನನ್ನು ನಗಿಸಿ, ಗೋಡೆಗೆ ಅಂಟಿಸಿದೆ. ಒಗೆದ ಬಟ್ಟೆ ಹೊತ್ತು ಬಂದ ಅಮ್ಮ ಅದರ ಮುಂದೆ ನಿಂತುಬಿಟ್ಟಳು.

"ಪಾಪ, ಯಾಕೋ ಅಳ್ತಿದಾನೆ ಇವನು?"

ನಾನೇ ಗೆದ್ದೆ ಕಣೇ. ಬಾ, ಜಗಳ ಆಡು.