ಒಲೆ ಹಚ್ಚುವವಳ ಹೆಸರು

ಕಾಸಾರಶಿರಸಿ
22 ಆಗಸ್ಟ್ 2024

ಅವ್ವಾ, ನಿನ್ನ ಶೀತಲ್‌ಳ ಶರಣು.

ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಹಳ ಹೆದರಿಕೆಯಾಗಿದೆ.

ನಾನು ಬಾಡಿಗೆಗಿರುವ ಈ ಹಳೇ ದೊಡ್ಡ ವಾಡೆಯ ಒಡತಿ ಪ್ರಯಾಗಬಾಯಿಯವರು ನಿನಗೆ ಗೊತ್ತಲ್ಲ, ಅಪ್ಪ ಪೂಜೆಗೆ ಬರುವ ಮನೆ. ಶ್ರಾವಣದ ಮಧ್ಯಾಹ್ನ ಪುರಾಣ ಓದಿಸುವುದು ಇವರ ರೂಢಿ. ಈ ಸಲ ಇಂಗ್ಲಿಷ್ ಕಾದಂಬರಿಯೇ ಬೇಕೆಂದರು. ಸೊಸೆ ಮೀನಲ ಪುಣೆಯ ಓದಿದ ಮನೆತನದವಳು, ಅಂಥವನ್ನೇ ಓದುತ್ತಾಳೆ. ಆಕೆಯ ತವರಿನವರ ಮುಂದೆ ಇವರು ಕಡಿಮೆ ಬೀಳಬಾರದು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಕೈಗೆ ಸಿಕ್ಕೆ. ದಿನಾ ಒಂದಿಷ್ಟು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ.

ಅದರೊಳಗಿನ ದೊಡ್ಡ ಮನೆ, ಬೆಳ್ಳಿ ಚಮಚ, ಸಂಬಂಧದ ಮಾತು ಎಲ್ಲ ಪ್ರಯಾಗಬಾಯಿಯವರಿಗೆ ತಮ್ಮದೇ ಅನ್ನಿಸಿತು. ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದ ಕೆಲಸದ ರಂಭಾಬಾಯಿ ಕೇಳಿದ್ದೇ ಬೇರೆ: "ಮುಂಜಾನಿ ಒಲಿ ಹಚ್ಚಾಕಿ ಒಬ್ಬಾಕಿ ಬರ್ತಾಳಲ್ರೀ, ಆಕಿ ಹೆಸರೇನು? ಆಕಿಗಿ ಮಕ್ಕಳಿಲ್ಲೇನು?"

ಪುಸ್ತಕದಲ್ಲಿ ಅವಳಿಗೆ ಅರ್ಧ ಸಾಲೂ ಇಲ್ಲ. ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. ರಂಭಾಬಾಯಿಯ ಮಗಳು ಉದಗೀರದಲ್ಲಿ ದಿನ ತುಂಬಿ ಕೂತಿದ್ದು, ಇವಳಿಗೆ ರಜೆ ಸಿಗದಿದ್ದುದು ನನಗೆ ಗೊತ್ತಿತ್ತು. ಒಲೆ ಹಚ್ಚುವವಳಿಗೊಂದು ಹೆಸರಿಟ್ಟೆ. ಅವಳಿಗೂ ಬೇರೆ ಊರಲ್ಲಿ ಬಸುರಿ ಮಗಳಿದ್ದಾಳೆ, ಒಡತಿ ಬಿಡಲಿಲ್ಲ, ಒಂದು ಬೆಳಗ್ಗೆ ಕೇಳದೇ ಹೊರಟುಬಿಟ್ಟಳು ಎಂದೆ.

ಮರುದಿನ ರಂಭಾಬಾಯಿ ಕೆಲಸಕ್ಕೆ ಬರಲಿಲ್ಲ. ಉದಗೀರದ ಬಸ್ಸು ಹತ್ತುವಾಗ ನೆರೆಮನೆಯ ಲಲಿತಾಬಾಯಿಗೆ, "ಇಂಗ್ಲಿಷ್ ಬುಕ್ಕಿನಾಗೇ ಬರದಾರ, ತಪ್ಪು ಹ್ಯಾಂಗ ಆಗ್ತದ" ಅಂದಳಂತೆ.

ಪ್ರಯಾಗಬಾಯಿಯವರು ಸಿಡಿಮಿಡಿ ಅನ್ನುತ್ತಿದ್ದಾರೆ. "ಇಂಗ್ಲಿಷ್ ಬುಕ್ಕು ದೊಡ್ಡವರದು, ಅದರಾಗ ಇಂಥಾದು ಇರಂಗಿಲ್ಲ" ಎನ್ನುತ್ತಾರೆ. ಸಂಜೆ ಮೀನಲ ತವರಿನಿಂದ ಬರುತ್ತಾಳೆ, ಆಕೆಯ ಕೈಲಿ ಆ ಹಾಳೆ ಓದಿಸುತ್ತಾರಂತೆ. ಸುಳ್ಳು ಸಿಕ್ಕರೆ ಅಪ್ಪನಿಗೆ ಈ ಮನೆಯ ಬಾಗಿಲು ಮುಚ್ಚಿದಂತೆಯೇ. ಬುಕ್ಕು ಬಚ್ಚಿಡುವ ಧೈರ್ಯವೂ ನನಗಿಲ್ಲ. ಅಪ್ಪನಿಗೆ ನೀನೇ ಮೊದಲು ಹೇಳು ಅವ್ವಾ, ನನ್ನಿಂದಾಗದು.

ನಿನ್ನ ಪುಕ್ಕಲು ಮಗಳು,
ಶೀತಲ್

ತಾ.ಕ. ಅಪ್ಪನಿಗೆ ಏನೂ ಹೇಳಬೇಡ. ಮೀನಲ ಬಂದಳು. ಎಲ್ಲರೆದುರು ಬುಕ್ಕು ತೆರೆದು, ಸಾಲಿನ ಮೇಲೆ ಬೆರಳಾಡಿಸಿ, "ಹೌದ್ರಿ ಅತ್ತಿ, ಹೋಗ್ಯಾಳ. ಇಲ್ಲೇ ಬರದಾರ" ಅಂದಳು. ಅಲ್ಲಿ ಆ ಮಾತೇ ಇಲ್ಲ. ಆಮೇಲೆ ಬುಕ್ಕು ನನ್ನ ಕೈಗಿಟ್ಟು ಮೆಲ್ಲಗೆ, "ಬುಕ್ಕಿನಾಗಿನ ಆ ಮನಿ ಸೊಸಿ ಯಾವಾಗ ಬಿಟ್ಟು ಹೋಗ್ತಾಳ, ನಾಳಿ ಅದೂ ಓದ್ರಿ" ಅಂದಳು. ಮಧ್ಯಾಹ್ನ ಎಲ್ಲರೂ ಕೂತಿರುತ್ತಾರೆ ಅವ್ವಾ. ನಾನೇನು ಓದಲಿ?